ಅಕ್ಕನಿಗೆ ನಾನು ಗಾರ್ಡಿಯನ್ ಆದ ವರ್ಷ

ಮೊನ್ನೆ ನಮ್ಮ ಶಾಲೆಯಲ್ಲಿ ನೀರಿನ ತೊಟ್ಟಿ ತೊಳೆಯಲೆಂದು ಬ್ಲೀಚಿಂಗ್ ಪುಡಿಯ ಚೀಲ ಬಿಚ್ಚಿದರು. ಸ್ಟಾಫ್ ರೂಮಿನಲ್ಲಿದ್ದವರೆಲ್ಲ ಸೆರಗು, ಕರ್ಚೀಫು ಮೂಗಿಗೆ ಹಿಡಿದುಕೊಂಡು ಹೊರಗೆ ಓಡಿದರು. ನಾನೊಬ್ಬಳು ಕೂತೇ ಇದ್ದೆ. ಬೇರೆಯವರಿಗೆ ತವರಿನ ನೆನಪು ಮಲ್ಲಿಗೆಯ ವಾಸನೆಗೋ ಒಗ್ಗರಣೆಯ ವಾಸನೆಗೋ ಬರುತ್ತದೆ. ನನಗೆ ಬರುವುದು ಬ್ಲೀಚಿಂಗ್ ಪುಡಿಯ ವಾಸನೆಗೆ. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಬೆಳೆದವರಿಗೆ ಇದು ಅರ್ಥವಾದೀತು. ಒಂದು ಬೆಳೆ ಮುಗಿದು ಇನ್ನೊಂದು ಬೆಳೆ ಶುರುವಾಗುವ ಮೊದಲು ಹುಳುಮನೆಯ ಗೋಡೆ, ನೆಲ, ತಟ್ಟೆ ಎಲ್ಲವನ್ನೂ ಅದರಲ್ಲಿ ತೊಳೆಯುತ್ತಾರೆ, ಹುಳುಗಳಿಗೆ ರೋಗ ತಗಲಬಾರದೆಂದು. ಸ್ಟಾಫ್ ರೂಮಿನಲ್ಲಿ ನನ್ನ ಕಣ್ಣು ಉರಿಯತೊಡಗಿತು, ನೀರೂ ಬಂತು. ಅದು ಪುಡಿಯ ಉರಿಯೋ ಬೇರೆಯದೋ ತಿಳಿಯಲಿಲ್ಲ. ಎರಡು ವರ್ಷದ ಹಿಂದಿನ ಆ ಮಳೆಗಾಲದಿಂದ ಈಚೆಗೆ ನನಗೆ ತಿಳಿಯದ ಸಂಗತಿಗಳು ಜಾಸ್ತಿಯಾಗಿವೆ.

ನಾನು ಚಿಂತಾಮಣಿಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮೂರು ಕೆಂಚಾರ್ಲಹಳ್ಳಿ ಕಡೆಯ ಒಂದು ಸಣ್ಣ ಹಳ್ಳಿ. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ನಡುಮನೆಯ ಗೋಡೆಗೆ ಬುದ್ಧನ ಫೋಟೊ ಹಾಕಿಸಿ, ಅದರ ಕೆಳಗೆ ನಮ್ಮನ್ನು ಕೂರಿಸಿ ಮಗ್ಗಿ ಹೇಳಿಸುತ್ತಿದ್ದರು. ನಾವೆಂದರೆ ನಾನು ಮತ್ತು ನನಗಿಂತ ಹತ್ತು ವರ್ಷ ದೊಡ್ಡವಳಾದ ಸರೋಜಕ್ಕ. ಅಮ್ಮ ಬೇಗ ಹೋಗಿಬಿಟ್ಟಳು. ಅಕ್ಕ ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಹುಳು, ಹಿಪ್ಪುನೇರಳೆ ತೋಟ ಮತ್ತು ನನ್ನನ್ನು ವಹಿಸಿಕೊಂಡಳು. ನಾನು ಬಿ.ಎಡ್. ಮಾಡಿದೆ, ಮದುವೆಯಾಗಿ ಚಿಂತಾಮಣಿಯಲ್ಲಿ ಮನೆ ಮಾಡಿದೆ. ಅಕ್ಕ ಅಲ್ಲೇ ಊರಲ್ಲೇ ಮದುವೆಯಾಗಿ ಅಲ್ಲೇ ಉಳಿದಳು. ಮಕ್ಕಳಾಗಲಿಲ್ಲ. ಭಾವ ತೀರಿಕೊಂಡ ಮೇಲೆ ಪಕ್ಕದ ಮನೆಯ ರತ್ನಮ್ಮನ ಜೊತೆ ಸೇರಿ ಹುಳು ಮೇಯಿಸುತ್ತಿದ್ದಳು. ಅಕ್ಕನ ತೋಟದ ಸೊಪ್ಪು, ರತ್ನಮ್ಮನ ಹುಳುಮನೆ, ಇಬ್ಬರ ದುಡಿಮೆ.

ಆ ವರ್ಷ ಯುಗಾದಿ ಕಳೆದ ವಾರದಲ್ಲಿ ಅಕ್ಕ ಸೊಪ್ಪು ಕೊಯ್ಯುತ್ತಿದ್ದವಳು ತೋಟದಲ್ಲೇ ಬಿದ್ದಳು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಮೂರು ವಾರ ಆಸ್ಪತ್ರೆ. ಎದ್ದಳು, ನಡೆದಳು, ಬಲಗಾಲು ಸ್ವಲ್ಪ ಎಳೆಯುತ್ತಿತ್ತು ಅಷ್ಟೆ. ಬಲಗೈ ಮಾತ್ರ ಬರಲಿಲ್ಲ. ಮಾತೂ ಬರಲಿಲ್ಲ. ಊರಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದವಳ ಬಾಯಲ್ಲಿ ಉಳಿದದ್ದು ಒಂದೇ, 'ಹೂಂ'. ಊಟ ಮಾಡ್ತೀಯಾ ಎಂದರೆ ಹೂಂ. ಸಾಕಾ ಎಂದರೆ ಹೂಂ. ಅವಳಿಗೆ ಎಷ್ಟು ಅರ್ಥವಾಗುತ್ತದೆ ಎಂದು ಡಾಕ್ಟರನ್ನು ಕೇಳಿದೆ. "ಹೇಳೋದು ಕಷ್ಟ ಮೇಡಂ, ಕಾಲ ಹೋದ ಹಾಗೆ ನೋಡ್ಬೇಕು" ಎಂದರು. ನಾನು ಅವಳನ್ನು ಚಿಂತಾಮಣಿಯ ನಮ್ಮ ಮನೆಗೆ ಕರೆತಂದೆ. ಅವಳನ್ನು ಕೇಳಿ ಕರೆತಂದೆನೇ? ಕೇಳಿದೆ. ಹೂಂ ಎಂದಳು.

ಬ್ಯಾಂಕಿನಲ್ಲಿ ಸಹಿ ಮಾಡಲು ಅಕ್ಕನಿಗೆ ಕೈ ಬರುವುದಿಲ್ಲ, ಕೇಳಿದರೆ ಹೆಸರು ಹೇಳಲು ಬಾಯಿ ಬರುವುದಿಲ್ಲ. ಮುಂದಿನ ಚಿಕಿತ್ಸೆಗೆ ಒಪ್ಪಿಗೆ ಬರೆದುಕೊಡುವವರು ಯಾರು ಎಂದು ಆಸ್ಪತ್ರೆಯವರೂ ಕೇಳಿದರು. ಎರಡು ಕಡೆಯೂ ಒಂದೇ ಮಾತು, ಕೋರ್ಟಿನಿಂದ ಗಾರ್ಡಿಯನ್ ಆರ್ಡರ್ ತನ್ನಿ. ಮಕ್ಕಳಿಗೆ ಗಾರ್ಡಿಯನ್ ಎಂದರೆ ನನಗೆ ಗೊತ್ತು, ಪ್ರೋಗ್ರೆಸ್ ಕಾರ್ಡಿನಲ್ಲಿ ಸಹಿ ಹಾಕುವವರು. ಐವತ್ತೆಂಟು ವರ್ಷದ, ನನ್ನನ್ನು ಎತ್ತಿ ಆಡಿಸಿದ ಅಕ್ಕನಿಗೆ ನಾನು ಗಾರ್ಡಿಯನ್ ಆಗುವುದು ಹೇಗೆ? ವಕೀಲರು ಚಿಕ್ಕಬಳ್ಳಾಪುರದ ಜಿಲ್ಲಾ ನ್ಯಾಯಾಲಯದಲ್ಲಿ ಅರ್ಜಿ ಹಾಕಿದರು. ಹಾಕಿದವರು ಒಂದು ಮಾತು ಸೇರಿಸಿದರು. "ಇನ್ಮೇಲೆ ಹುಷಾರಾಗಿ ನೋಡ್ಕೊಳ್ಳಿ ಮೇಡಂ. ಅವರಿಗೇನಾದ್ರೂ ಆದ್ರೆ ಕೋರ್ಟು ನಿಮ್ಮನ್ನೇ ಕೇಳುತ್ತೆ."

ಆ ಒಂದು ಮಾತು ನಮ್ಮ ಮನೆಗೆ ಸಾಕಾಯಿತು. ನನ್ನ ಯಜಮಾನರು ಮಂಜುನಾಥ್ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ನಾನು ಮೇಷ್ಟ್ರ ಮಗಳು. ನಮ್ಮಂಥವರಿಗೆ ದೇವರಿಗಿಂತ ಹೆಚ್ಚಿನ ಭಯ, ಮೇಲಿನವರು ಕಾರಣ ಕೇಳಿ ಕಳಿಸುವ ನೋಟಿಸಿನದು. ಅದೇ ವಾರ ಅಕ್ಕ ಎರಡು ಸಲ ಮನೆಯಿಂದ ಹೊರಟಿದ್ದಳು. ಮೊದಲ ಸಲ ಬೀದಿ ಕೊನೆಯಲ್ಲೇ ಸಿಕ್ಕಿದಳು. ಎರಡನೇ ಸಲ ಅಂಬಾಜಿದುರ್ಗದ ರಸ್ತೆಯಲ್ಲಿ ಲಾರಿಗಳ ಪಕ್ಕದಲ್ಲಿ ಕಾಲೆಳೆದುಕೊಂಡು ಹೋಗುತ್ತಿದ್ದಳಂತೆ. ತರಕಾರಿ ಗಾಡಿಯವನು ಗುರುತು ಹಿಡಿದು ಕೂರಿಸಿಕೊಂಡು ಬಂದ. ನಮ್ಮೂರಿಗೆ ಹೋಗುವ ದಾರಿ ಅದಲ್ಲ. ಹಾಗಾದರೆ ಊರಿಗೆ ಹೊರಟಿದ್ದಳೋ, ಸುಮ್ಮನೆ ಹೊರಟಿದ್ದಳೋ, ದಾರಿ ತಪ್ಪಿದಳೋ? ಕೇಳಿದೆ. ಎಲ್ಲಕ್ಕೂ ಹೂಂ.

ಮಂಜುನಾಥ್ ಗೇಟಿಗೆ ಬೀಗ ತಂದರು. "ನಾಳೆ ಏನಾದ್ರೂ ಆದ್ರೆ ಬರೆದುಕೊಡ್ಬೇಕಾದವಳು ನೀನು" ಎಂದರು. ಅವರ ತಪ್ಪೆಂದು ಈಗ ಹೇಳಿ ನಾನು ಜಾರಿಕೊಳ್ಳುವುದಿಲ್ಲ. ಬೀಗ ಅವರು ತಂದರು, ಕೀಲಿ ನನ್ನ ಸೊಂಟದಲ್ಲಿತ್ತು. ಶಾಲೆ ಎರಡು ಬೀದಿ ಆಚೆ. ಮಧ್ಯಾಹ್ನ ಬಂದು ಊಟ ಬಡಿಸಿ, ಬೀಗ ಹಾಕಿ, ವಾಪಸ್ಸು ಹೋಗಿ ಒಂಬತ್ತನೇ ಕ್ಲಾಸಿಗೆ ಮೂಲಭೂತ ಹಕ್ಕುಗಳ ಪಾಠ ಮಾಡುತ್ತಿದ್ದೆ. ವೈಯಕ್ತಿಕ ಸ್ವಾತಂತ್ರ್ಯದ ಬಗ್ಗೆ ನಾನು ಚೆನ್ನಾಗಿ ಪಾಠ ಮಾಡುತ್ತೇನೆಂದು ಶಾಲೆಯಲ್ಲಿ ಹೆಸರಿದೆ. ಸೀಮೆಸುಣ್ಣ ಹಿಡಿದು ಬೋರ್ಡಿನ ಕಡೆ ತಿರುಗಿದಾಗ ಸೊಂಟದ ಕೀಲಿ ಒತ್ತುತ್ತಿತ್ತು. ಅಕ್ಕ ಕ್ಷೇಮವಾಗಿದ್ದಾಳೆ ಎಂದು ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಮೊದಲ ವಿಚಾರಣೆಗೆ ಕರೆದುಕೊಂಡು ಹೋದಾಗ ಮುಂಗಾರು ಆಗತಾನೆ ಹಿಡಿದಿತ್ತು. ಬಸ್ಸು ಶಿಡ್ಲಘಟ್ಟ ಮುಟ್ಟುತ್ತಿದ್ದ ಹಾಗೆ, ನೂಲು ತೆಗೆಯಲು ರೇಷ್ಮೆ ಗೂಡು ಬೇಯಿಸುವ ಆ ವಾಸನೆ ಒಳಗೆ ನುಗ್ಗಿತು. ಹೊಸಬರಿಗೆ ವಾಕರಿಕೆ ಬರುತ್ತದೆ. ಅಕ್ಕ ಕಿಟಕಿಯ ಕಡೆ ಮುಖ ಮಾಡಿ, ಮಳೆ ಹನಿ ಬೀಳುತ್ತಿದ್ದರೂ, ಗಾಜು ಮುಚ್ಚಲು ಬಿಡಲಿಲ್ಲ.

ಕೋರ್ಟಿನಲ್ಲಿ ಹೆಸರು ಕೂಗಿದರು. ನ್ಯಾಯಾಧೀಶರು ಅಕ್ಕನನ್ನು ಹತ್ತಿರ ಕರೆಸಿ, ಕುರ್ಚಿ ಹಾಕಿಸಿದರು.

"ಸರೋಜಮ್ಮ, ನಿಮ್ಮ ತಂಗಿ ಮನೇಲಿ ಇರೋಕೆ ಇಷ್ಟಾನಾ?"

"ಹೂಂ."

"ನಿಮ್ಮೂರಿಗೆ ಹೋಗ್ಬೇಕು ಅನ್ಸುತ್ತಾ?"

"ಹೂಂ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಮ್ಮ ವಕೀಲರು ಎದ್ದು, "ನೋಡಿ ಸ್ವಾಮಿ, ಅವರಿಗೆ ಏನೂ ಅರ್ಥ ಆಗ್ತಿಲ್ಲ" ಎಂದರು. ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವರಿಗೆ ಅರ್ಥ ಆಗ್ತಿಲ್ವೋ, ನಮಗೆ ಅರ್ಥ ಆಗ್ತಿಲ್ವೋ, ಅದನ್ನ ಹೇಗ್ರೀ ಹೇಳ್ತೀರಾ?" ಎಂದರು. ವಕೀಲರು ಕೂತರು. ಮನೆಯ ಸ್ಥಿತಿ ನೋಡಿ ವರದಿ ಕೊಡಲು ಕೋರ್ಟಿನ ಕಡೆಯಿಂದ ಒಬ್ಬರು ಬರುತ್ತಾರೆ ಎಂದಾಯಿತು. ನನಗೆ ಸಿಟ್ಟು ಬಂತು. ನನ್ನ ಅಕ್ಕನನ್ನು ನಾನು ನೋಡಿಕೊಳ್ಳುವುದಕ್ಕೆ ಇನ್ನೊಬ್ಬರ ವರದಿ ಬೇರೆ!

ಮನೆಗೆ ಬಂದ ಮೇಲೆ ಅಕ್ಕ ಗೇಟಿನ ಬಳಿ ಕೂರುವುದು ಹೆಚ್ಚಾಯಿತು. ಅವಳ ಮುಖ ನೋಡಲಾರದೆ ನಾನೊಂದು ಉಪಾಯ ಮಾಡಿದೆ. ಊರಿಗೆ ಹೋಗಿ ರತ್ನಮ್ಮನಿಂದ ಒಂದು ತಟ್ಟೆ ಹುಳು ಕೇಳಿ ತಂದೆ. ಹುಳುಗಳು ನಾಲ್ಕು ಸಲ ಸೊಪ್ಪು ಬಿಟ್ಟು, ತಲೆಯೆತ್ತಿ ಅಲುಗದೆ ಕೂತು, ಪೊರೆ ಕಳಚುತ್ತವೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾನು ತಂದದ್ದು ಮೂರನೇ ಜ್ವರ ಎದ್ದ ಹುಳು, ಹಸಿದಿದ್ದವು. ಅಕ್ಕನ ಮುಂದೆ ತಟ್ಟೆ ಇಟ್ಟೆ. ಅವಳು ಎಡಗೈಯಲ್ಲಿ ಸೊಪ್ಪು ಉದುರಿಸಿದಳು. ಆಮೇಲೆ ತಟ್ಟೆಯ ಹತ್ತಿರ ಕಿವಿ ತಂದಳು. ಹುಳು ಮೇಯುವ ಸದ್ದು ಸಣ್ಣ ಮಳೆಯ ಸದ್ದಿನ ಹಾಗೆ. ಎರಡು ತಿಂಗಳಲ್ಲಿ ಮೊದಲ ಸಲ ಅವಳ ಮುಖ ಸಡಿಲವಾದದ್ದು ಕಂಡೆ. ಮೂರು ದಿನ ಅವಳು ಗೇಟಿನ ಕಡೆ ಹೋಗಲಿಲ್ಲ. ಮಂಜುನಾಥ್ ಕೂಡ, "ಪರವಾಗಿಲ್ಲ ಕಣೇ, ನಿನ್ನ ತಲೆ ಓಡುತ್ತೆ" ಎಂದರು.

ನಾಲ್ಕನೇ ದಿನ ಸಂಜೆ ಸೊಳ್ಳೆ ವಿಪರೀತವಾಗಿತ್ತು. ಅಕ್ಕನಿಗೆ ಬಲಗೈ ಎತ್ತಿ ಹೊಡೆದುಕೊಳ್ಳಲೂ ಆಗುವುದಿಲ್ಲ, ತೋಳಿನ ಮೇಲೆಲ್ಲ ಗಂಧೆ ಎದ್ದಿದ್ದವು. ಪಾಪ ಎನಿಸಿ ಸೊಳ್ಳೆ ಓಡಿಸುವ ಔಷಧಿಯ ಮಿಷನ್ನನ್ನು ಅವಳ ರೂಮಿನ ಪ್ಲಗ್ಗಿಗೆ ಹಾಕಿದೆ. ಬೆಳಿಗ್ಗೆ ನೋಡಿದರೆ ತಟ್ಟೆಯ ತುಂಬ ಹುಳು ಹಸಿರು ನೀರು ಕಕ್ಕಿ, ಸುರುಟಿಕೊಂಡು ಸತ್ತಿದ್ದವು.

ಹುಳುಮನೆಯ ಸುತ್ತ ಔಷಧಿ ಹೊಡೆಯಬಾರದು, ಪಕ್ಕದ ಹೊಲದಲ್ಲಿ ಹೊಡೆದರೂ ಜಗಳಕ್ಕೆ ನಿಲ್ಲಬೇಕು ಎಂಬುದನ್ನು ನಡೆಯಲು ಕಲಿಯುವಾಗಲೇ ಕಲಿತವಳು ನಾನು. ಆ ಮನೆಯಲ್ಲಿ ಊದಿನಕಡ್ಡಿ ಹಚ್ಚಿದ್ದಕ್ಕೆ ಅಕ್ಕನ ಕೈಯಲ್ಲಿ ಒಂದು ಏಟು ತಿಂದವಳು. ಇಪ್ಪತ್ತೈದು ವರ್ಷದ ಪೇಟೆ ವಾಸ ಅದನ್ನು ತೊಳೆದು ಹಾಕಿತ್ತು. ಅಕ್ಕ ನನ್ನನ್ನು ಬೈಯಲಿಲ್ಲ, ಬೈಯಲು ಮಾತೆಲ್ಲಿ. ಸತ್ತ ಹುಳುಗಳನ್ನು ಒಂದೊಂದಾಗಿ ಎಡಗೈಯಲ್ಲಿ ಹೆಕ್ಕಿ ಪೇಪರಿನ ಮೇಲೆ ಹಾಕಿದಳು. ಎರಡು ದಿನ ಅನ್ನ ಮುಟ್ಟಲಿಲ್ಲ. ನಾನು ಒಳ್ಳೆಯದಕ್ಕೇ ಮಾಡಿದ್ದು ಅಕ್ಕ, ಸೊಳ್ಳೆ ಕಚ್ತಿದ್ವು ಅಂತ ಮಾಡಿದ್ದು ಎಂದು ಹೇಳಿ ಹೇಳಿ ಅತ್ತೆ. ಅವಳು ಅದಕ್ಕೆ ಹೂಂ ಎಂದಳೋ ಇಲ್ಲವೋ ನೆನಪಿಲ್ಲ. ಆಗೆಲ್ಲ ನಾನು ಅವಳ ಉತ್ತರ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ ಎಂದು ಕಾಣುತ್ತದೆ.

ಇದಾದ ಮುಂದಿನ ವಾರ ಕೋರ್ಟಿನ ಕಡೆಯವರು ಬಂದರು. ಗೌರಿಬಿದನೂರಿನ ನಸ್ರೀನ್ ಎಂಬ ವಕೀಲೆ, ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು. ಮೊದಲೇ ಹೇಳಿ ಬರಲಿಲ್ಲ. ನಾನು ಸಂಜೆ ಶಾಲೆಯಿಂದ ಬಂದಾಗ ಸಣ್ಣಗೆ ಮಳೆ ಬರುತ್ತಿತ್ತು. ಗೇಟಿನ ಹೊರಗಿನ ಕಲ್ಲಿನ ಮೇಲೆ ಆಕೆ ಕೊಡೆ ಹಿಡಿದು ಕೂತಿದ್ದರು. ಗೇಟಿನ ಒಳಗೆ, ನೆಲದ ಮೇಲೆ, ಅಕ್ಕ ಕೂತಿದ್ದಳು. ಕೊಡೆಯ ಅರ್ಧ ಭಾಗ ಕಂಬಿಗೆ ಒತ್ತಿಕೊಂಡು ಅಕ್ಕನ ತಲೆಯ ಮೇಲೂ ಬರುವ ಹಾಗೆ ಹಿಡಿದಿದ್ದರು.

"ಎಷ್ಟು ಹೊತ್ತಾಯ್ತಮ್ಮ ಬಂದು?" ಎಂದೆ, ಕೀಲಿ ತಡಕುತ್ತ.

"ಎರಡು ಗಂಟೆ ಆಯ್ತೇನೋ ಮೇಡಂ. ಪರವಾಗಿಲ್ಲ, ಅಮ್ಮ ನನಗೆ ಬಿಸ್ಕತ್ ಕೊಟ್ರು, ಈ ಸಂದೀಲಿ." ಆಮೇಲೆ ಮೆಲ್ಲಗೆ, "ಬೀಗ ದಿನಾ ಹಾಕ್ತೀರಾ?" ಎಂದರು.

"ಹಾಕದೆ ಏನ್ಮಾಡ್ಲಿ? ಲಾರಿ ಕೆಳಗೆ ಹೋದ್ರೆ ನೀವು ಬರ್ತೀರಾ?"

"ಇಲ್ಲ ಮೇಡಂ. ಒಳಗೆ ಬೆಂಕಿಗಿಂಕಿ ಹೊತ್ಕೊಂಡ್ರೆ ಅವರು ಹೊರಗೆ ಹೇಗೆ ಬರ್ತಾರೆ, ಅದನ್ನ ಕೇಳ್ದೆ ಅಷ್ಟೆ."

ಆಕೆ ಕಾಫಿ ಕುಡಿದು, ರೂಮು ನೋಡಿ, ಬರೆದುಕೊಂಡು ಹೋದರು. ಒಂದು ಕಟುವಾದ ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಜಗಳವಾಡಲು ಏನಾದರೂ ಸಿಗುತ್ತಿತ್ತು. ನಮ್ಮಪ್ಪ ಚಿಕ್ಕಂದಿನಲ್ಲಿ ಎಷ್ಟೋ ಮನೆಗಳ ಹೊರಗೆ ನಿಂತು ಬೆಳೆದವರು. ಯಾರ ಬಾಗಿಲ ಹೊರಗೂ ನಿಲ್ಲಬೇಡಿ, ತಟ್ಟಿ ಒಳಗೆ ಹೋಗಿ ಎಂದು ನಮಗೆ ಕಲಿಸಿದರು. ಅವರ ದೊಡ್ಡ ಮಗಳು ಈಗ ಒಂದು ಬಾಗಿಲ ಒಳಗೆ ಸಿಕ್ಕಿಕೊಂಡಿದ್ದಾಳೆ, ಕೀಲಿ ಚಿಕ್ಕ ಮಗಳ ಹತ್ತಿರ ಇದೆ. ನಾಚಿಕೆಯಾಯಿತು. ಆದರೂ ಮರುದಿನ ಶಾಲೆಗೆ ಹೋಗುವಾಗ ಬೀಗ ಹಾಕಿದೆ. ನಾಚಿಕೆ ಬೇರೆ, ಭಯ ಬೇರೆ.

ಆಷಾಢದ ಕೊನೆಗೆ ಆದೇಶ ಬಂತು. ನಾನು ಪಾಲಕಿಯಾದೆ. ಆದರೆ ಅದು ನಾನಂದುಕೊಂಡಿದ್ದ ಪಾಲಕತ್ವವಾಗಿರಲಿಲ್ಲ. ಬ್ಯಾಂಕು ಮತ್ತು ಆಸ್ಪತ್ರೆಯ ಕಾಗದಗಳಿಗೆ ಅಕ್ಕನಿಗೆ ತಿಳಿಸಿ, ಅವಳ ಜೊತೆಗೂಡಿ ಸಹಿ ಹಾಕುವುದು, ಅಷ್ಟೇ ನನ್ನ ಅಧಿಕಾರ. ಅವಳು ಎಲ್ಲಿರಬೇಕು, ಎಲ್ಲಿಗೆ ಹೋಗಬೇಕು, ಯಾರ ಜೊತೆ ಕೂರಬೇಕು ಎಂಬುದರಲ್ಲಿ ನನಗೆ ಅಧಿಕಾರವಿಲ್ಲ. ಬೀಗ ಹಾಕಕೂಡದು. ಊರಿನಲ್ಲಿ ನೋಡಿಕೊಳ್ಳುವವರಿದ್ದರೆ ಒಂದು ಬೆಳೆಯ ಅವಧಿ ಅಲ್ಲಿ ಇರಲು ಬಿಟ್ಟು, ಹೇಗಿದ್ದಾಳೆಂದು ವರದಿ ಕೊಡಬೇಕು. ಆರ್ಡರನ್ನು ನಾಲ್ಕು ಸಲ ಓದಿದೆ. ಏನಾದರೂ ಆದರೆ ಕೇಳುವುದು ನನ್ನನ್ನೇ, ಆಗದ ಹಾಗೆ ನೋಡಿಕೊಳ್ಳುವ ಅಧಿಕಾರ ಮಾತ್ರ ನನಗಿಲ್ಲ! ಇದೆಂಥ ನ್ಯಾಯ ಎಂದು ಮಂಜುನಾಥ್ ಹತ್ತಿರ ಕೂಗಾಡಿದೆ. ಅವರು ಬೀಗವನ್ನು ಕಪಾಟಿನಲ್ಲಿಟ್ಟರು.

ಆರ್ಡರಿನಂತೆ ಅಕ್ಕನನ್ನು ಊರಿಗೆ, ರತ್ನಮ್ಮನ ಮನೆಗೆ ಕರೆದುಕೊಂಡು ಹೋದೆ. ಅವರ ಮನೆಯ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಅಕ್ಕ ಬಸ್ಸಿನಿಂದ ಇಳಿಯುತ್ತಿದ್ದ ಹಾಗೆ, "ಏಮಮ್ಮಾ ಸರೋಜಾ, ಇಪ್ಪುಡಾ ರಾವಡಂ? ಸೊಪ್ಪು ಯಾರು ಕೊಯ್ತಾರೆ ನಿಮ್ಮಪ್ಪನಾ?" ಎಂದು, ಇಷ್ಟು ತಡವಾಗಿ ಬಂದದ್ದಕ್ಕೆ ರತ್ನಮ್ಮ ಜೋರು ಮಾಡಿದಳು. ಅಕ್ಕನ ಮುಖದಲ್ಲಿ ನಗು ಬಂತು, ಒಂದೇ ಪಕ್ಕಕ್ಕೆ. ನಾನು ಮಾತ್ರೆಗಳ ಪಟ್ಟಿ, ಡಾಕ್ಟರ ನಂಬರು, ಏನು ಕೊಡಬೇಕು ಏನು ಕೊಡಬಾರದು ಎಲ್ಲ ಬರೆದದ್ದನ್ನು ಗೋಡೆಗೆ ಅಂಟಿಸಿದೆ. ಆಮೇಲೆ ಅಕ್ಕನ ಮುಂದೆ ಕೂತು, "ಇಲ್ಲಿರ್ತೀಯಾ ಅಕ್ಕ? ಇರ್ತೀಯ ಅಲ್ವಾ? ಬೇಡ ಅಂದ್ರೆ ಹೇಳು, ವಾಪಸ್ ಹೋಗಣ. ಇರ್ತೀಯಾ?" ಎಂದೆ.

ರತ್ನಮ್ಮ ಸೊಪ್ಪು ಕತ್ತರಿಸುವುದನ್ನು ನಿಲ್ಲಿಸಿದಳು. "ವಿಮಲಮ್ಮಾ, ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ನೀನ್ ಕೇಳ್ತೀಯ, ಉಸಿರು ಬಿಡೋದ್ರೊಳಗೆ ನೀನೇ ಹೇಳ್ಬಿಡ್ತೀಯ. ಆಮೇಲೆ ಆಯಮ್ಮ ಹೂಂ ಅಂತಾಳೆ, ನಿನ್ ಬಾಯ್ ಮುಚ್ಸಕ್ಕೆ."

"ಮತ್ತೆ ನೀನು ಹೇಗೆ ತಿಳ್ಕೊಳ್ತೀಯ?"

"ಕೇಳಿ ಸುಮ್ನಿರ್ತೀನಿ. ಕೆಲ್ಸ ನೋಡ್ಕೊಂಡ್. ಬೇಕಂದ್ರೆ ಹೂಂ ಅಂತಾಳೆ. ಬ್ಯಾಡಂದ್ರೆ ಏನೂ ಅನ್ನಲ್ಲ, ಅಷ್ಟೇ."

ಇಪ್ಪತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿ ಅನ್ನ ತಿಂದವಳಿಗೆ ಹೀಗೆ ಹೇಳಿದರೆ ಹೇಗಾಗಬೇಡ. ಅವಳೇನು ಡಾಕ್ಟರೇ ಎಂದುಕೊಂಡೇ ಬಸ್ಸು ಹತ್ತಿದೆ.

ಮತ್ತೆ ಹೋದದ್ದು ಹುಳು ಹಣ್ಣಾದ ದಿನ. ಹುಳು ಮೇವು ಬಿಟ್ಟು, ಮೈ ಹಳದಿಗೆ ತಿರುಗಿ ಗೂಡು ಕಟ್ಟಲು ತಯಾರಾಗುವುದಕ್ಕೆ ಹಣ್ಣಾಗುವುದು ಎನ್ನುತ್ತಾರೆ. ಆ ದಿನ ಅಕ್ಕಪಕ್ಕದವರೆಲ್ಲ ಬಂದು ಹಣ್ಣು ಹುಳು ಆರಿಸಿ ಚಂದ್ರಿಕೆ ಎಂಬ, ಗೂಡು ಕಟ್ಟಿಸುವ ಬಿದಿರಿನ ತಟ್ಟಿಗಳ ಮೇಲೆ ಬಿಡಬೇಕು. ತಡ ಮಾಡಿದರೆ ಹುಳು ಕಂಡ ಕಂಡಲ್ಲಿ ನೂಲು ಬಿಟ್ಟು ಹಾಳಾಗುತ್ತವೆ. ನಾನೂ ಸೆರಗು ಸಿಕ್ಕಿಸಿ ಕೂತೆ. ಅಕ್ಕ ನನ್ನೆದುರು ಎಡಗೈಯಲ್ಲಿ ಆರಿಸುತ್ತಿದ್ದಳು. ನೋಡುತ್ತಿರಲಿಲ್ಲ, ಬೆರಳು ತಾಗಿಸಿದರೆ ಅವಳಿಗೆ ಸಾಕು. ಸ್ವಲ್ಪ ಹೊತ್ತಾದ ಮೇಲೆ ನಾನು ಚಂದ್ರಿಕೆಗೆ ಬಿಟ್ಟಿದ್ದ ಹುಳುಗಳಲ್ಲಿ ಅರ್ಧದಷ್ಟನ್ನು ತೆಗೆದು ವಾಪಸ್ಸು ತಟ್ಟೆಗೆ ಹಾಕಿದಳು. ಅವು ಇನ್ನೂ ಹಣ್ಣಾಗಿರಲಿಲ್ಲ. ಹೆಂಗಸರೆಲ್ಲ ನಕ್ಕರು, ನಾನೂ ನಕ್ಕೆ. ಇವಳಿಗೆ ಏನೂ ಅರ್ಥವಾಗುತ್ತಿಲ್ಲ ಎಂದು ಕೋರ್ಟಿನಲ್ಲಿ ಹೇಳಿಸಿದವಳು ನಾನು. ನನಗೆ ಎಂಥ ಸಂತೋಷವಾಯಿತೆಂದರೆ, ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಒಂದು ಬೆಳೆ ಮುಗಿಯಿತು. ಅಕ್ಕ ಎರಡನೇ ಬೆಳೆಗೂ ಅಲ್ಲೇ ಉಳಿದಳು. ಎಲ್ಲ ಸುಸೂತ್ರವಾಯಿತು ಎಂದು ವರದಿ ಬರೆದು ಇಟ್ಟಿದ್ದೆ. ದಸರಾ ರಜೆಗೆ ಎರಡು ದಿನವಿರುವಾಗ ರತ್ನಮ್ಮನ ಫೋನು ಬಂತು. ಸೊಪ್ಪಿಟ್ಟ ಕೋಣೆಯಲ್ಲಿ ಒದ್ದೆ ಗೋಣಿಚೀಲದ ಮೇಲೆ ಅಕ್ಕ ಜಾರಿ ಬಿದ್ದಿದ್ದಳು. ಎಡ ಮಣಿಕಟ್ಟು ಮುರಿದಿತ್ತು. ಇದ್ದದ್ದೊಂದು ಕೈ. ಆಸ್ಪತ್ರೆಯಲ್ಲಿ ಬ್ಯಾಂಡೇಜ್ ಹಾಕಿ ಆರು ವಾರ ಎಂದರು. ಇನ್ನು ಅವಳಿಗೆ ತುತ್ತು ತಿನ್ನಿಸಬೇಕು, ಮೈ ತೊಳೆಸಬೇಕು. "ನಾನೇ ತಿನ್ನಿಸ್ತೀನಿ, ನಂದೇ ತಪ್ಪು, ಚೀಲ ತೆಗೀಬೇಕಿತ್ತು" ಎಂದು ರತ್ನಮ್ಮ ಅತ್ತಳು. ನಾನು ಅವಳ ಮುಖ ನೋಡಲಿಲ್ಲ. ಅಕ್ಕನನ್ನು ನೇರ ಚಿಂತಾಮಣಿಗೆ ತಂದೆ.

ಎಲ್ಲಿ ವಾಸಿಸಬೇಕು ಎಂದು ತೀರ್ಮಾನಿಸುವ ಅಧಿಕಾರವನ್ನೂ ನನಗೆ ಕೊಡಬೇಕೆಂದು ಹೊಸ ಅರ್ಜಿ ಬರೆಸಿದೆ. ಮನಸ್ಸಿಟ್ಟೇ ಬರೆಸಿದೆ. ಅಷ್ಟು ದಿನದ ಭಯ ನಿಜವಾಗಿತ್ತಲ್ಲ. ರಜೆ ಕಳೆದು ವಿಚಾರಣೆ ಬಂತು. ರತ್ನಮ್ಮನೂ ಊರಿಂದ ಬಂದಿದ್ದಳು, ಯಾರೂ ಕರೆದಿರಲಿಲ್ಲ. ಕೋರ್ಟ್ ಹಾಲಿನ ಬಾಗಿಲ ಬಳಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಳು.

ಅದೇ ನ್ಯಾಯಾಧೀಶರು. ಅಕ್ಕನ ಬ್ಯಾಂಡೇಜ್ ನೋಡಿದರು, ಅರ್ಜಿ ಓದಿದರು. ನೋವಿದೆಯಾ ಎಂದರು. ಹೂಂ ಎಂದಳು. ಊಟ ಆಯ್ತಾ ಎಂದರು. ಹೂಂ.

"ನಿಮ್ಮ ತಂಗಿ ಮನೇಲೇ ಇದ್ಬಿಡ್ತೀರಾ ಸರೋಜಮ್ಮ?"

ಅಕ್ಕ ಅವರನ್ನು ನೋಡಿದಳು. ಹೂಂ ಎನ್ನಲಿಲ್ಲ. ನನಗೆ ತಡೆಯಲಾಗಲಿಲ್ಲ, ಅಕ್ಕ ಹೇಳು ಎಂದು ಬಾಯಿ ತೆರೆದೆ. ನ್ಯಾಯಾಧೀಶರು ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು. ಫ್ಯಾನು ತಿರುಗುತ್ತಿತ್ತು. ಮುಂದಿನ ಕೇಸಿನವರು ಎದ್ದು ನಿಂತು ಮತ್ತೆ ಕೂತರು. ಅಕ್ಕ ತುಟಿ ಬಿಚ್ಚಲಿಲ್ಲ.

"ನಿಮಗೇನು ಬೇಕಮ್ಮ?" ಎಂದು ನನ್ನನ್ನು ಕೇಳಿದರು.

ಸ್ವಾಮಿ ಎನ್ನಬೇಕೆಂದು ವಕೀಲರು ಹೇಳಿಕೊಟ್ಟಿದ್ದು ಮರೆತುಹೋಯಿತು. "ನನಗೆ ಭಯ ಆಗುತ್ತೆ ಸರ್" ಎಂದೆ. "ಬಿದ್ದಳಲ್ಲ. ನಾನು ಬಿಟ್ಟೆ, ಬಿದ್ದಳು. ಇನ್ನೊಂದ್ಸಲ ಬಿದ್ರೆ?"

"ಬೀಳಬಹುದು" ಎಂದರು ಅವರು. "ಭಯಕ್ಕೆಲ್ಲ ಆರ್ಡರ್ ಬರೀತಾ ಹೋದ್ರೆ ಈ ಜಿಲ್ಲೇಲಿ ಯಾರೂ ಮನೆಯಿಂದ ಹೊರಗೆ ಬರೋಕಾಗಲ್ಲಮ್ಮ. ಅರ್ಜಿ ಉಳಿಸ್ಕೋತೀರಾ, ವಾಪಸ್ ತಗೋತೀರಾ?"

"ಗೊತ್ತಿಲ್ಲ ಸರ್."

"ಗೊತ್ತು ಮಾಡ್ಕೊಂಡು ಬನ್ನಿ" ಎಂದು ಎರಡು ವಾರ ಮುಂದಕ್ಕೆ ಹಾಕಿದರು.

ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತೆವು, ಅಕ್ಕ ನಡುವೆ. ನನ್ನ ತಲೆಯಲ್ಲಿ ನೂರು ವಾದ ನಡೆಯುತ್ತಿತ್ತು. ಅವಳು ಸುಮ್ಮನಿದ್ದದ್ದು ಬೇಡವೆಂದೋ, ಕೈ ನೋವಿಗೋ, ದಣಿವಿಗೋ? ರತ್ನಮ್ಮ ಹೇಳಿದ್ದಳೆಂದ ಮಾತ್ರಕ್ಕೆ ಅದು ಸತ್ಯವೇ? ಅವಳಿಗೆ ಊರು ಬೇಕು ಸರಿ, ಎರಡೂ ಕೈ ಇಲ್ಲದೆ ಅಲ್ಲಿ ಏನು ಮಾಡುತ್ತಾಳೆ? ನಾನು ಎಲ್ಲ ಕೆಲಸ ಬಿಟ್ಟು ನೋಡಿಕೊಂಡರೂ ನನ್ನ ಮನೆ ಬೇಡ ಎಂದರೆ ನನಗೆ ನೋವಾಗಬಾರದೇ? ಇದರಲ್ಲಿ ಎಷ್ಟು ಅವಳ ಕ್ಷೇಮ, ಎಷ್ಟು ನನ್ನ ಹಟ ಎಂದು ಬಿಡಿಸಿ ನೋಡಲು ಹೋದರೆ ಎರಡೂ ಒಂದಕ್ಕೊಂದು ಅಂಟಿಕೊಂಡಿದ್ದವು.

ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಇಳಿದೆವು. ಎಡಕ್ಕೆ ಹೊರಟರೆ ನಮ್ಮ ಮನೆ. ಬಲಕ್ಕೆ ನಮ್ಮೂರ ಕಡೆಯ ಬಸ್ಸು ಎಂಜಿನ್ ಆನ್ ಮಾಡಿಕೊಂಡು ನಿಂತಿತ್ತು. ರತ್ನಮ್ಮ, "ನಾನೇನೂ ಹೇಳಲ್ಲಮ್ಮ, ಅಕ್ಕತಂಗೀರು ನೀವು" ಎಂದು ಬಸ್ಸಿನ ಬಾಗಿಲ ಬಳಿ ಹೋಗಿ ನಿಂತಳು. ನಾನು ಅಕ್ಕನ ತೋಳು ಹಿಡಿದಿದ್ದೆ. ಏನಾದರೂ ಕೇಳಬೇಕೆಂದುಕೊಂಡೆ. ಕೇಳಲಿಲ್ಲ. ತೋಳು ಬಿಟ್ಟೆ. ಅವಳು ಒಂದು ಗಳಿಗೆಯೂ ಯೋಚಿಸದೆ ಕಾಲೆಳೆಯುತ್ತ ಬಸ್ಸಿನ ಕಡೆ ಹೊರಟಳು. ಕಂಡಕ್ಟರು ಸೊಂಟಕ್ಕೆ ಕೈ ಕೊಟ್ಟು ಹತ್ತಿಸಿಕೊಂಡ. ಕಿಟಕಿಯ ಪಕ್ಕ ಕೂತಳು.

ನಾನು ಕಿಟಕಿಯ ಕೆಳಗೆ ನಿಂತೆ. ಕಂಡಕ್ಟರು ಹೆಂಗಸರ ಉಚಿತ ಟಿಕೆಟ್ ಹರಿಯುತ್ತ ಬಂದ. ರತ್ನಮ್ಮ ತನ್ನ ಆಧಾರ್ ಕಾರ್ಡ್ ತೋರಿಸಿದಳು. "ಈ ಅಮ್ಮಂದು?" ಎಂದ.

ಅಕ್ಕನ ಕಾರ್ಡ್ ನನ್ನ ಬ್ಯಾಗಿನಲ್ಲಿತ್ತು. ಆಸ್ಪತ್ರೆಗೆ ಸೇರಿಸಿದ ದಿನ ಅವಳ ಪರ್ಸಿನಿಂದ ತೆಗೆದು, ಕಳೆದುಹೋಗಬಾರದೆಂದು ನನ್ನ ಫೈಲಿನಲ್ಲಿಟ್ಟವಳು ನಾನು. ಬ್ಯಾಂಕಿಗೆ, ವಕೀಲರಿಗೆ, ಕೋರ್ಟಿಗೆ ಎಲ್ಲ ಕಡೆ ತೋರಿಸಿದ್ದೆ. ಅದು ಅವಳದೆಂದು ಒಂದು ದಿನವೂ ಅನಿಸಿರಲಿಲ್ಲ. ತೆಗೆದು ಕಿಟಕಿಯ ಕಡೆ ಚಾಚಿದೆ. ಅಕ್ಕ ಬ್ಯಾಂಡೇಜಿನ ತುದಿಯಿಂದ ಹೊರಗಿದ್ದ ಎರಡು ಬೆರಳುಗಳ ನಡುವೆ ಅದರ ಅಂಚು ಹಿಡಿದಳು. ಇನ್ನೊಂದು ಅಂಚು ನನ್ನ ಕೈಯಲ್ಲಿತ್ತು.

ಅವಳು ಎಳೆದಳು. ನಾನು ಬಿಡಲಿಲ್ಲ. ಯಾಕೆಂದು ಈಗಲೂ ನನಗೆ ಗೊತ್ತಿಲ್ಲ. ಅವಳು ನನ್ನ ಮುಖ ನೋಡಿ ಇನ್ನೊಂದು ಸಲ ಎಳೆದಳು, ಸ್ವಲ್ಪ ಜೋರಾಗಿ. ಬಿಟ್ಟೆ.